ಅತ್ತೆಗೆ ಸೂರ್ಯೋದಯ ತೋರಿಸಿದ್ದು

ಯಾವ ಕೆಲಸವನ್ನೂ ನಾನು ಯೋಜನೆಯಿಲ್ಲದೆ ಮಾಡುವವನಲ್ಲ. ತಾರೀಖು ಹಾಕಿ ದಿನಚರಿ ಬರೆಯುತ್ತೇನೆ. ತಿಂಗಳ ಕೊನೆಗೆ ಯೋಜನೆಗಳಲ್ಲಿ ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ಕೂಡಿಸಿ ನೋಡುತ್ತೇನೆ. ಹಾಗಾಗಿ ಸೋಲದೇವನಹಳ್ಳಿಯ ನನ್ನ ಮಾವ, "ಅಳಿಯಂದ್ರೇ, ನಿಮ್ಮತ್ತೆ ಸಮುದ್ರದಾಗಿಂದ ಸೂರ್ಯ ಹುಟ್ಟೋದು ನೋಡ್ಬೇಕಂತೆ. ಈ ಟ್ರಿಪ್ಪು ಚೆನ್ನಾಗಿ ಮಾಡ್ಸಿದ್ರೆ ತಣಿಸಂದ್ರದ ಹೊಸ ಮನೆ ಗೃಹಪ್ರವೇಶದ ಉಸ್ತುವಾರಿ ಪೂರ್ತಿ ನಿಮ್ದೇ" ಎಂದಾಗ ನನಗೆ ಕಿಂಚಿತ್ತೂ ಅಳುಕಾಗಲಿಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ನನಗೆ ವಹಿಸಿದ್ದ ಅತಿ ದೊಡ್ಡ ಜವಾಬ್ದಾರಿ, ಬಾಳೆ ಎಲೆ ಒರೆಸುವುದು!

ಕುಮಟಾ ಕಡೆ ಸಮುದ್ರಕ್ಕೆ ಅಂಟಿಕೊಂಡೇ ಒಂದು ಕಾಡಿನ ಉದ್ಯಾನವಿದೆ. ಮರಗಳ ನಡುವೆ ಕಾಲುದಾರಿಗಳು, ದಾರಿಯ ತುದಿಯಲ್ಲಿ ಕಡಲು ನೋಡಲು ಕಟ್ಟೆಗಳು. ಅದನ್ನೇ ಆರಿಸಿದೆ.

"ರೀ, ಇಲ್ಲಿನ ಫೋಟೋ ಎಲ್ಲಾ ಸಂಜೆದೇ ಇದಾವಲ್ಲ?" ಎಂದಳು ಹೆಂಡತಿ ಶ್ವೇತಾ, ಮೊಬೈಲ್ ನೋಡುತ್ತ.

"ಅದಕ್ಕೇ ಬೆಳಿಗ್ಗೆ ಹೋಗೋದು. ರಶ್ ಇರಲ್ಲ."

ನಾನು ಅದುವರೆಗೆ ಕಂಡಿದ್ದ ಒಂದೇ ಸಮುದ್ರ ಪುದುಚೇರಿಯದು. ಅಲ್ಲಿ ಸೂರ್ಯ ನೀರಿನಿಂದಲೇ ಎದ್ದಿದ್ದ. ಸಮುದ್ರವೆಂದರೆ ಸಮುದ್ರ!

ನಸುಕಿನಲ್ಲೇ ಕಾಡು ಹೊಕ್ಕೆವು. ಟಾರ್ಚ್ ಹಿಡಿದು ನಾನು ಮುಂದೆ, ಅರ್ಘ್ಯ ಬಿಡಲು ತಾಮ್ರದ ತಂಬಿಗೆ ಹಿಡಿದ ಅತ್ತೆ ಹಿಂದೆ, ಆಮೇಲೆ ಶ್ವೇತಾ, ಕೊನೆಯಲ್ಲಿ ಸಿಕ್ಕ ಬೇರಿಗೆಲ್ಲ ಎಡವುತ್ತ ಮಾವ. ಕಟ್ಟೆಯ ಮೇಲೆ ನರಪಿಳ್ಳೆಯೂ ಇರಲಿಲ್ಲ.

"ನೋಡಿದ್ರಾ? ಪ್ಲಾನಿಂಗ್!" ಎಂದೆ.

ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ ನಿಂತೆವು. ಆಕಾಶ ಬೆಳ್ಳಗಾಯಿತು. ಕಾಗೆ ಕೂಗಿತು. ದೂರದ ದೋಣಿಗಳು ಸ್ಪಷ್ಟವಾಗಿ ಕಂಡವು. ಸೂರ್ಯ ಮಾತ್ರ ಇಲ್ಲ.

"ಮೋಡ ಇರ್ಬೇಕು" ಎಂದೆ. ತುಣುಕು ಮೋಡವೂ ಇರಲಿಲ್ಲ.

ಅತ್ತೆ ತಂಬಿಗೆ ಎತ್ತಿ ಹಿಡಿದೇ ಇದ್ದರು. "ಕೈ ನೋಯ್ತದಪ್ಪಾ. ಇನ್ನೂ ಎಷ್ಟೊತ್ತು?"

"ಇನ್ನೇನು ಬಂದೇ ಬಿಟ್ಟ ಅತ್ತೆ!" ಎಂದೆ, ಬಸ್ ಸ್ಟಾಪಿನಲ್ಲಿ ನಿಂತವನಂತೆ.

ಬಿಸಿಲು ಬಂತು, ಸೂರ್ಯ ಬರಲಿಲ್ಲ! ಇದು ಹೇಗೆ ಸಾಧ್ಯವೆಂದು ನನಗೆ ತಲೆಬುಡ ತಿಳಿಯಲಿಲ್ಲ. ಆಗ ನೋಡಿದೆ: ನಮ್ಮೆಲ್ಲರ ನೆರಳು ಉದ್ದವಾಗಿ ಸಮುದ್ರದ ಕಡೆಗೇ ಬಿದ್ದಿತ್ತು. ಬೆನ್ನು ಬೆಚ್ಚಗಾಗುತ್ತಿತ್ತು.

ಸೈಟು ಮಾರಿ, ಕಟ್ಟಡ ಕಟ್ಟಿ ಪಳಗಿದ ಮಾವ ಕಡಲನ್ನು ನೋಡಿದರು. ಹಿಂತಿರುಗಿ ನೋಡಿದರು. ನನ್ನನ್ನು ನೋಡಿದರು.

"ಅಲ್ಲಾ ಅಳಿಯಂದ್ರೇ, ಇದು ವೆಸ್ಟ್ ಫೇಸಿಂಗ್ ಕಣ್ರೀ!"

"ಸಮುದ್ರಕ್ಕೂ ಫೇಸಿಂಗ್ ಇರುತ್ತಾ ಮಾವ?"

"ಮೂವತ್ತು ನಲವತ್ತರ ಸೈಟಿಗೇ ಇರ್ತದೆ. ಇಷ್ಟು ದೊಡ್ಡ ಪ್ರಾಪರ್ಟಿಗೆ ಇರಲ್ವಾ?"

ಶ್ವೇತಾ ಕಟ್ಟೆಯ ಕಂಬಿ ಹಿಡಿದುಕೊಂಡು ನಗತೊಡಗಿದಳು. ಅತ್ತೆ ಸಮುದ್ರಕ್ಕೆ ಬೆನ್ನು ಹಾಕಿ, ಉದ್ಯಾನದ ಶೌಚಾಲಯದ ನೀರಿನ ಟ್ಯಾಂಕಿನ ಹಿಂದಿನಿಂದ ಆಗಲೇ ಮೇಲೆದ್ದಿದ್ದ ಸೂರ್ಯನಿಗೆ ಅರ್ಘ್ಯ ಬಿಟ್ಟರು. ಸಂಜೆಯವರೆಗೆ ಇದ್ದರೆ ಮುಳುಗುವುದನ್ನಾದರೂ ನೋಡಬಹುದೆಂದು ವಿನಯದಿಂದ ಸೂಚಿಸಿದೆ.

"ಆವಾಗ ಎತ್ಲಾಗೆ ನಿಂತ್ಕಬೇಕಪ್ಪಾ? ಟ್ಯಾಂಕ್ ಕಡೀಕಾ?" ಎಂದರು ಅತ್ತೆ.

ಗೃಹಪ್ರವೇಶದ ಉಸ್ತುವಾರಿ ಪೂರ್ತಿ ಶ್ವೇತಾಳ ಪಾಲಾಯಿತು. ಗೃಹಪ್ರವೇಶದ ದಿನ ಮಾವ ನನ್ನ ಕೈಗೆ ಪನ್ನೀರುದಾನಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು.

"ಬಂದೋರ ಮ್ಯಾಲೆ ಚಿಮುಕಿಸ್ತಾ ಇರಿ ಅಳಿಯಂದ್ರೇ. ಇದ್ಕೆ ದಿಕ್ಕು ಗಿಕ್ಕು ಏನೂ ಬೇಕಾಗಿಲ್ಲ."

ಮೊದಲ ಅತಿಥಿ ಬಂದರು. ಸಕಲ ಶ್ರದ್ಧೆಯಿಂದ ಚಿಮುಕಿಸಿದೆ. ಅಷ್ಟೂ ನನ್ನ ಕನ್ನಡಕದ ಮೇಲೆಯೇ ಬಿತ್ತು!