ನನ್ನ ದವಡೆಯ ಹಿಟ್ಟಿನ ಗಿರಣಿ

"ಕಲ್ಲು ಖಾಲಿ ತಿರುಗಬಾರದು ಹಾಲೇಶಪ್ಪ! ನಿನ್ನ ರೋಗ ಇಷ್ಟೇ!"

ಭಾನುವಾರ ಊಟ ಮಾಡಿದ ಕೈ ಒಣಗುವ ಮೊದಲೇ ನನ್ನ ಭಾವ ರುದ್ರಮುನಿ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಒಂದು ಪುಟ್ಟ ಗಿರಣಿಯನ್ನು ಕೂರಿಸಿದರು. ಭಾವ ಎಂದರೆ ನನ್ನ ಹೆಂಡತಿ ಕೊಟ್ರಮ್ಮನ ಅಣ್ಣ. ಮೂವತ್ತು ವರ್ಷ ದಾವಣಗೆರೆಯ ಗಿರಣಿ ಕಲ್ಲುಗಳಿಗೆ ಉಳಿ ಹೊಡೆದು ಹರಿತ ಮಾಡಿದವರು. ಅವರ ಕಣ್ಣಿಗೆ ಮನುಷ್ಯನ ಬಾಯಿಯೂ ಒಂದು ಗಿರಣಿಯೇ.

ನಿದ್ದೆಯಲ್ಲಿ ನಾನು ಹಲ್ಲು ಕಡಿಯುತ್ತೇನಂತೆ. 'ಅಂತೆ' ಯಾಕೆಂದರೆ ನಾನು ಒಮ್ಮೆಯೂ ಕೇಳಿಲ್ಲ! ಎರಡು ದವಡೆ ಹಲ್ಲು ಸೀಳಿದಾಗಲೂ ಶೇಂಗಾದಲ್ಲಿ ಕಲ್ಲಿತ್ತು ಎಂದೇ ವಾದಿಸಿದ್ದೆ. ಆದರೆ ಹೋದ ತಿಂಗಳು ಕೊಟ್ರಮ್ಮ ದಿಂಬು ಎತ್ತಿಕೊಂಡು ಪಡಸಾಲೆಯ ಮಂಚಕ್ಕೆ ಹೊರಟುಬಿಟ್ಟಳು. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಮಲಗಿದವಳು! ಆ ಖಾಲಿ ಜಾಗ ನೋಡಿದರೆ ನನಗೆ ಅಳುವೇ ಬರುತ್ತಿತ್ತು. ದಂತವೈದ್ಯರು ಹಲ್ಲಿಗೆ ಗಾರ್ಡ್ ಹಾಕಿಕೊಳ್ಳಿ, ಸಂಜೆ ಮೇಲೆ ಚಹಾ ಬಿಡಿ, ಚಿಂತೆ ಕಡಿಮೆ ಮಾಡಿ ಎಂದರು. ಚಿಂತೆ ಕಡಿಮೆ ಮಾಡುವುದು ಹೇಗೆಂದು ಹೊಸ ಚಿಂತೆ ಹತ್ತಿಕೊಂಡಿತು.

"ಡಾಕ್ಟ್ರು ಹೇಳಿದ ಗಾರ್ಡೇ ಇದು," ಭಾವ ಒಂದು ಮೆತ್ತನೆಯ ರಬ್ಬರ್ ಕವಚ ತೋರಿಸಿದರು. "ಆದ್ರೆ ಒಳಗೆ ಕಂಪನ ಹೀರ್ಕೊಳ್ಳೋ ತಂತಿ ಐತೆ. ನೀನು ಕಡಿದಿದ್ದೆಲ್ಲಾ ಗಾಳಿಯಲ್ಲೇ ಹಾರಿಬಂದು ಈ ಕಲ್ಲಿಗೆ ಸೇರ್ತೈತೆ. ಬಾಯಲ್ಲಿ ಸದ್ದಿಲ್ಲ, ಇಲ್ಲಿ ಹಿಟ್ಟು!"

"ಅಣ್ಣಾ, ಹೋದ ಸಲ ರೊಟ್ಟಿ ಬಡಿಯೋ ಯಂತ್ರ ಅಂತ ತಂದು ನನ್ನ ಬಳೆ ಬಡಿದು ಹಾಕಿದ್ದೆ!"

"ಅದು ನಿನ್ನ ಬಳೆ ತಪ್ಪು!"

ನಾನು ಕವಚ ಕಚ್ಚಿಕೊಂಡು ಮಧ್ಯಾಹ್ನದ ನಿದ್ದೆಗೆ ಬಿದ್ದೆ. ಎದ್ದಾಗ ಕೊಟ್ರಮ್ಮನ ಮೂಗಿನ ಮೇಲೆ ಜೋಳದ ಹಿಟ್ಟು! "ಒಂಚೂರೂ ಸದ್ದಿಲ್ಲ ಕಣ್ರೀ! ಎರಡು ಸೇರು ಬೀಸೀರಿ!" ಎಂದು ಅವಳು ನಕ್ಕಳು. ದಿಂಬು ಅಂದೇ ನನ್ನ ಪಕ್ಕಕ್ಕೆ ವಾಪಸ್ ಬಂತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದ ಮನೆ ನಾಗವೇಣಿ ನಮ್ಮ ರೊಟ್ಟಿ ತಿಂದು, ಮರುದಿನವೇ ಒಂದು ಡಬ್ಬಿ ಜೋಳ ತಂದಿಟ್ಟರು. ವಾರದೊಳಗೆ ಪಡಸಾಲೆಯ ತುಂಬ ಹೆಸರಿನ ಚೀಟಿ ಅಂಟಿಸಿದ ಡಬ್ಬಿಗಳ ಸಾಲು! ಭಾವ ಗಿರಣಿಯ ಕಟ್ಟುನಿಟ್ಟು ತಂದರು. ಜೋಳದ ಹಿಂದೆ ಜೋಳ, ಗೋಧಿಯ ಹಿಂದೆ ಗೋಧಿ, ಎಲ್ಲಕ್ಕಿಂತ ಕೊನೆಗೆ ಮೆಣಸಿನಕಾಯಿ. ನಾನು ಊಟ ಮುಗಿಸುವುದನ್ನೇ ಜನ ಕಾಯತೊಡಗಿದರು.

ಒಂದು ದಿನ ಹಿಟ್ಟು ತರಿತರಿಯಾಯಿತೆಂದು ದೂರು ಬಂತು. ಭಾವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನಿನ್ನೆ ಖುಷಿಯಾಗಿದ್ಯಾ?"

"ಹೂಂ ಭಾವ. ಕೊಟ್ರಮ್ಮ ಪಕ್ಕದಲ್ಲೇ ಇದ್ಲು."

"ಅದೇ ಎಡವಟ್ಟು! ಖುಷಿಯಾದ್ರೆ ಕಲ್ಲು ಸಡಿಲ!"

ಅಂದಿನಿಂದ ಮಲಗುವ ಮುಂಚೆ ನನ್ನನ್ನು ಹೆದರಿಸುವ ಕೆಲಸ ಕೊಟ್ರಮ್ಮನ ಪಾಲಿಗೆ ಬಂತು. "ರೀ, ನಿಮ್ಮ ತಂಗಿ ಮೂರು ತಿಂಗಳು ಇರೋಕೆ ಬರ್ತಾಳಂತೆ" ಎಂದಳು. ಹಿಟ್ಟು ನುಣ್ಣಗಾಯಿತು! "ಯಾಕೋ ನಿಮ್ಮ ಎದೆ ಒಂಥರಾ ಬಡ್ಕೊಳ್ತೈತಲ್ಲ" ಎಂದ ದಿನವಂತೂ ಗೋಧಿ ಮೈದಾ ಆಯಿತು! ಚಿಂತೆ ಬಿಡಲೆಂದು ಹಾಕಿಕೊಂಡ ಕವಚಕ್ಕಾಗಿ ದಿನಾ ಚಿಂತೆ ಮಾಡಬೇಕಾದ ಗತಿ ನನ್ನದು.

ಆದರೆ ಎಷ್ಟು ದಿನ ಹೆದರುವುದು? ಮೂರನೇ ವಾರಕ್ಕೆ ಎಲ್ಲವೂ ಸುಳ್ಳೆಂದು ಗೊತ್ತಾಗಿ ನಾನು ಮಗುವಿನಂತೆ ನಿದ್ದೆ ಹೋದೆ. ಗಿರಣಿ ನಿಂತೇಹೋಯಿತು! ಅದೂ ನಾಗವೇಣಿಯ ಮಗಳ ಸೀಮಂತದ ಹಿಂದಿನ ದಿನ, ಅವರ ಒಂಬತ್ತು ಡಬ್ಬಿಗಳು ಬಾಯ್ತೆರೆದು ಕೂತಿದ್ದಾಗ.

"ನಾಳೆ ಅವರಿಗೆ ಏನಂತ ಮುಖ ತೋರಿಸ್ಲಿ! ಮರ್ಯಾದೆ ಹೋಯ್ತು!" ಎಂದು ಗೋಳಾಡುತ್ತಲೇ ಕೊಟ್ರಮ್ಮ ನನ್ನ ಪಕ್ಕ ತೂಕಡಿಸಿದಳು.

ಸ್ವಲ್ಪ ಹೊತ್ತಿಗೆ ನನಗೆ ಎಚ್ಚರವಾಯಿತು. ಯಾರೋ ಕಲ್ಲುನೆಲದ ಮೇಲೆ ಕಬ್ಬಿಣದ ಮಂಚ ಎಳೆಯುತ್ತಿದ್ದಾರೆ! ನೋಡಿದರೆ, ಸದ್ದು ಕೊಟ್ರಮ್ಮನ ಬಾಯಿಂದ! ಇಷ್ಟು ವರ್ಷ ಇದನ್ನೇ ಕೇಳಿಕೊಂಡು ಮಲಗಿದ್ದಳೇ ಇವಳು! ನನಗೆ ನಾಚಿಕೆಯಾಯಿತು. ಎಬ್ಬಿಸಿ ಕ್ಷಮೆ ಕೇಳೋಣವೆಂದು ಭುಜ ಮುಟ್ಟಿದೆ. ಅಷ್ಟರಲ್ಲಿ, ಗಿರಣಿ ನಿಂತಿತೆಂದು ಆ ರಾತ್ರಿ ನಮ್ಮಲ್ಲೇ ಉಳಿದಿದ್ದ ಭಾವ ಇನ್ನೊಂದು ಕವಚ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಕೊಡು ಇಲ್ಲಿ!" ಕೊಟ್ರಮ್ಮ ಎದ್ದು ತಾನೇ ಕಸಿದುಕೊಂಡು ಬಾಯಿಗಿಟ್ಟಳು, ಮತ್ತೆ ಮಲಗಿದಳು.

ಗಿರಣಿ ಗುಡುಗಿತು! ಒಂಬತ್ತು ಡಬ್ಬಿ ಮುಕ್ಕಾಲು ಗಂಟೆಯಲ್ಲಿ ಖಾಲಿ! ಇನ್ನೂ ಬೀಸುವ ಹುರುಪಿನಲ್ಲಿ ಅದು ಕಟ್ಟೆಯಿಂದ ಧುಮುಕಿ, ಹಿಟ್ಟು ಚೆಲ್ಲುತ್ತಾ ಕೋಣೆಗೆ ನುಗ್ಗಿ, ನನ್ನನ್ನು ಮಂಚದಿಂದ ಕೆಡವಿ ನನ್ನ ಜಾಗದಲ್ಲೇ ಹತ್ತಿ ಕೂತಿತು.

"ಬಾಯಿಗೆ ಹತ್ತಿರ ಬಂದಷ್ಟೂ ಬಲ ಜಾಸ್ತಿ! ಅದಕ್ಕೇ ತಿಳಿದೈತೆ ನೋಡು!" ಭಾವನ ಕಣ್ಣಲ್ಲಿ ಆನಂದದ ನೀರು.

ಈಗ ಅದು ಬೇರೆಲ್ಲಿಟ್ಟರೂ ತಿರುಗುವುದಿಲ್ಲ. ಅದರ ಗದ್ದಲಕ್ಕೆ ಪಕ್ಕದಲ್ಲಿ ಮಲಗಲು ಸಾಧ್ಯವೇ ಇಲ್ಲ. ಕೊಟ್ರಮ್ಮನಿಗೆ ಮಾತ್ರ ಗಾಢ ನಿದ್ದೆ! ನಾನು ಪಡಸಾಲೆಯ ಮಂಚದ ಮೇಲೆ, ಡಬ್ಬಿಗಳ ನಡುವೆ. ನನ್ನ ಹಲ್ಲುಗಳನ್ನು ನೋಡಿ ವೈದ್ಯರು ಭೇಷ್ ಎಂದಿದ್ದಾರೆ.

ನಿನ್ನೆ ತಡೆಯಲಾರದೆ ಬಾಗಿಲು ತಟ್ಟಿ ಕೇಳಿದೆ, "ಕೊಟ್ರಮ್ಮಾ, ನಾನು ಯಾವಾಗ ಒಳಗೆ ಬರ್ಲಿ?"

"ಸಾಲಿನಲ್ಲಿರೋ ಡಬ್ಬಿ ಮುಗೀಲಿ ಇರ್ರೀ!"

ನನ್ನ ದಿಂಬಿಗೂ ಹೆಸರಿನ ಚೀಟಿ ಅಂಟಿಸಿ ಸಾಲಿನಲ್ಲಿಟ್ಟಿದ್ದೇನೆ, ಮೆಣಸಿನಕಾಯಿ ಡಬ್ಬಿಯ ಹಿಂದೆ.