ಕೆಂಪು ಕೋಳಿಯ ಕಳ್ಳ

ಹೆಣ್ಣಿಗೆ ಕೊಡಬೇಕಾದ ತೆರದ ಮಾತುಕತೆ ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ಮುಗಿದಿತ್ತು. ಮದುವೆ ಗಂಡು ಗರಿಕಾಯ್‌ನನ್ನು ಒಳಗೆ ಕರೆದರು. ಅವನು ಬಾಗಿಲ ಬಳಿಯೇ ಕುಕ್ಕರುಗಾಲಲ್ಲಿ ಕೂತು, ಅಂಗೈ ತಟ್ಟಿ ವಂದಿಸಿದ. ಹುಡುಗಿ ರುತೆಂಡೊಳ ಅಜ್ಜಿ ನಶ್ಯ ಏರಿಸುತ್ತ ಕಣ್ಣು ಕಿರಿದು ಮಾಡಿದಳು.

"ಚಿಕ್ಕವನಿದ್ದಾಗ ನನ್ನ ಕೆಂಪು ಕೋಳಿ ಕದ್ದವನು ಇವನೇ ಅಲ್ವಾ?"

ಗುಟು ಕಡೆಯ ಹಳ್ಳಿಗಳಲ್ಲಿ ಹೆಣ್ಣು ಕೇಳಲು ಬಂದವನು ಹೆಣ್ಣಿನ ಮನೆಯವರಿಗೆ ಎದುರಾಡುವಂತಿಲ್ಲ. ಹಾಗೆಂದು ಕಳ್ಳನಿಗೆ ಹೆಣ್ಣು ಕೊಡುವವರೂ ಇಲ್ಲ. ಗರಿಕಾಯ್ ಗೋಣನ್ನು ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ಆಡಿಸಿದ.

"ನೆನಪಿಲ್ಲ ಅಜ್ಜಿ."

"ಸಂಜೆಯೊಳಗೆ ನೆನಪು ಮಾಡ್ಕೊಂಡು ಬಾ. ಹುಡುಗಿ ಮಾತು ಆಮೇಲೆ."

ಹೊರಗೆ ಬಂದೊಡನೆ, ಸಂಧಾನಕ್ಕೆಂದು ಜತೆಗೆ ಬಂದಿದ್ದ ಸೋದರಮಾವ ಜಿವನಾಯ್ ಹಣೆ ಚಚ್ಚಿಕೊಂಡ. "ಇಲ್ಲ ಅಂದ್ರೆ ಅಜ್ಜಿ ಸುಳ್ಳಿ, ಹೌದು ಅಂದ್ರೆ ನೀನು ಕಳ್ಳ. ನಿಜ ಹೇಳೋ, ಕದ್ದಿದ್ಯಾ?"

"ಇಲ್ಲ ಮಾವ." ಸ್ವಲ್ಪ ತಡೆದು, "ಕದ್ದಿರಲಿಕ್ಕಿಲ್ಲ" ಎಂದ.

ಪಕ್ಕದ ಮನೆಯ ಶುವಾಯ್ ಒನಕೆ ಗೋಡೆಗೆ ಒರಗಿಸಿ ಬಂದೇಬಿಟ್ಟಳು. "ಕಣಜದ ಹಿಂದೆ ಅಡಗಿದ್ಯಲ್ಲೋ?"

"ಅಡಗಿದ್ನಾ?"

"ಮತ್ತೆ? ಅಂಗಿಯೊಳಗೆ ಏನೋ ಮಿಸುಕಾಡ್ತಿತ್ತು. ಯಾವ ಬಣ್ಣದ ಅಂಗಿ ಅದು?"

"ನೀಲಿ." ಅವನ ಬಾಯಿಂದ ತಾನಾಗಿಯೇ ಬಂತು.

"ನೋಡಿದ್ರಾ!" ಎಂದು ಶುವಾಯ್ ಊರಿಗೆಲ್ಲ ಕೇಳುವಂತೆ ಕೂಗಿದಳು.

ಇನ್ನು ಕೇಳಬೇಕೆ? ಒಬ್ಬರು ಕೋಳಿ ಕುಂಟುತ್ತಿತ್ತು ಎಂದರು, ಇನ್ನೊಬ್ಬರು ಅವತ್ತು ಮೋಡ ಕವಿದಿತ್ತು ಎಂದರು. ಒಲೆಯ ಮೇಲಿನ ಜೋಳದ ಮುದ್ದೆಯಂತೆ ನೆನಪು ತಿರುವಿದಷ್ಟೂ ಗಟ್ಟಿಯಾಯಿತು. ಬಿಸಿಲು ಇಳಿಯುವಷ್ಟರಲ್ಲಿ ಕೋಳಿಯ ಬೆಚ್ಚನೆಯ ಹೊಟ್ಟೆ ತನ್ನ ಹೊಟ್ಟೆಗೆ ಒತ್ತಿಕೊಂಡಿದ್ದು, ಅದರ ಎದೆ ಪಟಪಟ ಹೊಡೆದುಕೊಂಡಿದ್ದು ಎಲ್ಲವೂ ಗರಿಕಾಯ್‌ಗೆ ಕಣ್ಣಿಗೆ ಕಟ್ಟಿದಂತಿತ್ತು.

"ಪಾಪ, ಅದು ಕೂಗಲೂ ಇಲ್ಲ ಮಾವ. ನನ್ನ ನಂಬಿತ್ತು" ಎಂದು ಅವನು ಬಿಕ್ಕಿದ.

ತಪ್ಪುಕಾಣಿಕೆಗೆ ಒಂದು ಕೋಳಿ ಹಿಡಿದು, ಅಜ್ಜಿಯ ಮುಂದೆ ಮಂಡಿಯೂರಿ ಎಲ್ಲವನ್ನೂ ಒಪ್ಪಿಕೊಂಡ. ಅಜ್ಜಿ ಸೊಂಟದ ಬಟ್ಟೆಯ ತುದಿಯಿಂದ ಅವನ ಕೆನ್ನೆ ಒರೆಸಿದಳು.

"ಅಳಬೇಡ ಮಗಾ. ನಾನು ಕೆಂಪು ಕೋಳಿ ಸಾಕೇ ಇಲ್ಲ. ಮುಂದೆ ನಮ್ಮ ಹುಡುಗಿ ಏನಾದ್ರೂ ಅಂದಾಗ, ಥಟ್ಟನೆ 'ನಾನಲ್ಲ' ಅನ್ನದೆ, ನಂದೂ ತಪ್ಪಿರಬಹುದಾ ಅಂತ ಒಂದು ಗಳಿಗೆ ಯೋಚಿಸೋನು ಬೇಕಿತ್ತು. ದೊಡ್ಡ ಮೊಮ್ಮಗಳ ಗಂಡನಿಗೂ ಇದೇ ಕತೆ ಹೇಳಿದ್ದೆ. ಹೋಗು, ರುತೆಂಡೊ ನಿನ್ನವಳು."

ಮೂಲೆಯಲ್ಲಿ ಕೂತಿದ್ದ ಆ ದೊಡ್ಡ ಮೊಮ್ಮಗಳ ಗಂಡ ಚೆಂಜೆರಾಯ್ ಎದ್ದು ನಿಂತ. "ಸಾಕಿಲ್ಲ ಅಂದ್ರೇನಜ್ಜಿ? ಅದನ್ನ ಕದ್ದವನು ನಾನು! ಇಷ್ಟು ವರ್ಷ ನಿದ್ದೆಗೆಟ್ಟಿದ್ದೀನಿ!"

"ನೀವಲ್ಲ ಭಾವ, ನಾನು!" ಗರಿಕಾಯ್‌ನೂ ಎದ್ದ. "ಅದರ ಕತ್ತಿನ ಗರಿ ಎಷ್ಟು ಮೆತ್ತಗಿತ್ತು ಅಂತ ನಂಗೊತ್ತು!"

"ಕತ್ತಲ್ಲಿ ಗರಿ ಎಲ್ಲಿತ್ತಯ್ಯಾ? ಬೋಳು ಕತ್ತು ಅದರದು!"

ಅಜ್ಜಿಯ ನಶ್ಯದ ಕೈ ಮೂಗಿನ ಹತ್ತಿರವೇ ನಿಂತಿತು. ಅವಳು ಇವನನ್ನೊಮ್ಮೆ ಅವನನ್ನೊಮ್ಮೆ ನೋಡಿದಳು. ಕಣ್ಣು ನಿಧಾನವಾಗಿ ತುಂಬಿ ಬಂತು.

"ಹೌದಲ್ವೇ... ಬೋಳು ಕತ್ತು. ಅಯ್ಯೋ, ನಾನು ಕರೆದ್ರೆ ಓಡಿ ಬರ್ತಿತ್ತಲ್ಲೋ! ಯಾವ ಪಾಪಿ ಕದ್ದದ್ದು ಅದನ್ನ?"

"ನಾನು!" ಎಂದು ಗರಿಕಾಯ್ ಭಾವನಿಗಿಂತ ಮೊದಲೇ ಕೂಗಿದ.

"ನಡಿಯೋ ಆಚೆ, ಕಳ್ಳ!" ಅಜ್ಜಿ ಬಾಗಿಲು ತೋರಿಸಿದಳು. "ನಿನಗ್ಯಾರೋ ಹೆಣ್ಣು ಕೊಡ್ತಾರೆ?"