ಬಾಳೆಗೊನೆಗೆ ಆಸರೆಯಾದ ಅಳತೆಕೋಲು

ಇಷ್ಟಕ್ಕೆಲ್ಲ ಕಾರಣ ಭಾರಕ್ಕೆ ಬಾಗಿದ್ದ ಒಂದು ಬಾಳೆಗಿಡ.

ಲುಬೋವ ಎದ್ದು ನೋಡಿದರೆ ಗೋಡೆಗೆ ಒರಗಿಸಿದ್ದ ಅಳತೆಕೋಲು ಇಲ್ಲ. ಸರೋವರಕ್ಕೆ ಇಳಿದವರ ಮೈ ಹೊಗುವ ಹುಳುವಿಗೆ ದಂಡೆಯ ಆರೋಗ್ಯ ಸಂಘದವರು ವರ್ಷಕ್ಕೊಮ್ಮೆ ಮಾತ್ರೆ ಕೊಡುತ್ತಿದ್ದರು. ಕೋಲಿನ ಪಕ್ಕ ನಿಂತವರ ತಲೆ ಯಾವ ಗೆರೆ ಮುಟ್ಟುತ್ತದೋ ಅದರಲ್ಲಿ ಬರೆದಷ್ಟು ಮಾತ್ರೆ. ಹಂಚುವವನು ಲುಬೋವ. ಸಂಬಳವಿಲ್ಲ, ಸಂಘದ ಸೈಕಲ್ ಇತ್ತು. ಅದನ್ನು ಅವನು ಮದುಮಗಳ ಹಾಗೆ ನೋಡಿಕೊಳ್ಳುತ್ತಿದ್ದ. ಊರಲ್ಲಿ ಒಬ್ಬರು ಮಾತ್ರೆ ನುಂಗದೆ ಉಳಿದರೂ ಸೈಕಲ್ ಬೇರೆಯವರಿಗೆ ಎಂದು ಸಂಘದ ಮುಖ್ಯಸ್ಥೆ ನಬ್ಬೋಸಾ ಮೇಡಂ ಹೇಳಿ ಕಳಿಸಿದ್ದರು. ಅವರು ಇವತ್ತು ಸಂಜೆ ಬರುವವರಿದ್ದರು.

"ಕೋಲಾ? ನಿಮ್ಮತ್ತೆ ಒಯ್ದ್ರಲ್ಲಪ್ಪ," ಎಂದಳು ಪಕ್ಕದ ಮನೆಯ ಮೀನು ಮಾರುವ ನಮುದ್ದು. "ಗೊನೆ ಭಾರಕ್ಕೆ ಗಿಡ ಬಾಗಿತ್ತಂತೆ. ನೀನು ಗೊರಕೆ ಹೊಡೀತಿದ್ದೆ."

ಆ ಸೀಮೆಯ ಕಟ್ಟಳೆಯಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಮಾತಾಡಿಸುವಂತಿಲ್ಲ. ಮುಟ್ಟಿದರಂತೂ ಸಾಯುವತನಕ ಕೈ ನಡುಗುತ್ತದೆಂದು ನಂಬಿಕೆ. ಹೆಂಡತಿ ಮೊದಲ ದೋಣಿಗೇ ಆಚೆ ದಂಡೆಯ ಸಂತೆಗೆ ಹೋಗಿದ್ದಳು, ಬರುವುದು ಸಂಜೆಯ ದೋಣಿಗೆ.

"ನೀನೇ ತಂದುಕೊಡಕ್ಕಾ."

"ನನ್ ಮೀನು ಯಾರು ಕಾಯ್ತಾರೆ, ನಿಮ್ಮನೆ ಬೆಕ್ಕಾ?"

ಕ್ಷೌರದ ಕಿಜ್ಜಾ ತಾನೂ ಬಾಯಿ ಹಾಕಿದ. "ದೋಣಿ ಹುಟ್ಟಲ್ಲೇ ಅಳೆ ಮಾರಾಯ. ನನ್ನನ್ನ ಕುಳ್ಳ ಅಂತ ಬರ್ಕೊ. ಭಾರಿ ಕಹಿ ಆ ಮಾತ್ರೆ."

ಲುಬೋವ ಮಾತ್ರೆ ಚೀಲ ಹೆಗಲಿಗೇರಿಸಿ ಅತ್ತೆಯ ತೋಟಕ್ಕೆ ಹಿಂದಿನಿಂದ ನುಸುಳಿದ. ಕೋಲಿನ ಕಟ್ಟು ಬಿಚ್ಚಿದ್ದೇ ತಡ, ಗೊನೆ ಸಮೇತ ಗಿಡ ಅವನ ಮೇಲೆ ಒರಗಿತು, ಕುಡಿದ ಗೆಳೆಯನ ಹಾಗೆ.

"ಯಾವನೋ ಅವನು, ನನ್ ಬಾಳೆ ಕದಿಯೋನು?"

ಕತ್ತಿ ಹಿಡಿದು ಬಂದ ಅತ್ತೆ ಗಿಡದ ಕೆಳಗಿನ ಚಪ್ಪಲಿ ನೋಡಿ ಗಕ್ಕನೆ ನಿಂತಳು. ಅದು ಅವಳೇ ಮದುವೆಯಲ್ಲಿ ಕೊಡಿಸಿದ್ದು. ತಕ್ಷಣ ಬೆನ್ನು ತಿರುಗಿಸಿ ತಲೆಮೇಲೆ ಬಟ್ಟೆ ಎಳೆದುಕೊಂಡಳು. ಅವಳಿ ಮಕ್ಕಳನ್ನು ಹೆತ್ತವಳಾದ್ದರಿಂದ ಊರಿಗೆಲ್ಲ ಅವಳು ನಾಲೋಂಗೋ. ಪಕ್ಕದಲ್ಲಿ ಮೇಕೆ ಕಟ್ಟಿತ್ತು.

"ಏ ಮೇಕೆ, ಆ ಮನುಷ್ಯನಿಗೆ ಹೇಳು. ಆ ಗೊನೆ ಶನಿವಾರ ಕಿರಿ ಮಗಳ ನಿಶ್ಚಯಕ್ಕೆ ಬಿಟ್ಟಿರೋದು. ಬಿದ್ರೆ ಕಾಯೆಲ್ಲ ಜಜ್ಜಿಹೋಗುತ್ತೆ. ಕೈ ಬಿಡಬಾರದು ಅನ್ನು."

ಲುಬೋವನೂ ಮೇಕೆಗೇ ಹೇಳಿದ. "ಮೇಕೆ, ಅವರಿಗೆ ಹೇಳು. ಸಂಜೆಯೊಳಗೆ ಊರಿಗೆಲ್ಲ ಮಾತ್ರೆ ಕೊಡ್ಬೇಕು."

ಮೇಕೆ ಇಬ್ಬರನ್ನೂ ನೋಡಿ ಮೆಲುಕು ಹಾಕಿತು.

"ಅದನ್ನ ನಾನು ಕೊಡ್ತೀನಿ ಅನ್ನು. ಎಷ್ಟು ಅಂತ ಕೋಲೇ ಹೇಳುತ್ತಲ್ಲ. ಬರ್ಕೊಳ್ಳೋಕೆ ಮೀನು ತೂಗೋ ಗುಮಾಸ್ತ ಇದ್ದಾನೆ. ಚೀಲ ಕೆಳಗಿಡೋಕೆ ಹೇಳು."

ಚೀಲ ಇಳಿಯಿತು. ನಾಲೋಂಗೋ ಅದನ್ನೂ ಕೋಲನ್ನೂ ಎತ್ತಿಕೊಂಡು ದಂಡೆಗೆ ನಡೆದಳು.

ಮಧ್ಯಾಹ್ನ ಕಿಜ್ಜಾ ಕಿವಿ ಉಜ್ಜಿಕೊಳ್ಳುತ್ತ ಬಂದ. "ದೋಣಿ ಕೆಳಗೆ ಅವಿತಿದ್ದೆ, ನಿಮ್ಮತ್ತೆ ಕಿವಿ ಹಿಡಿದು ಎಳೆದ್ರು ಕಣೋ! ಹಸಿದು ಬಂದೋರಿಗೆ ಮೊದ್ಲು ಗೆಣಸು ತಿನ್ಸಿ, ಆಮೇಲೆ ನುಂಗಿಸ್ತಿದ್ದಾರೆ. ಬಾಯಿ ಬೇರೆ ತೆಗೆಸಿ ನೋಡ್ತಾರೆ."

"ಒಂದು ಕವೆಕೋಲು ಕಡಿದುಕೊಡೋ. ಭುಜ ಬಿದ್ದುಹೋಗ್ತಿದೆ."

"ಕೇಳದೆ ಅವರ ಮರ ಮುಟ್ಟಿದ್ರೆ ನನ್ನನ್ನೇ ಕಡೀತಾರೆ. ನಿಂತಿರು. ಚೆನ್ನಾಗಿ ಕಾಣ್ತಿದೀಯ."

ಸಂಜೆ ನಬ್ಬೋಸಾ ಮೇಡಂ ಪುಸ್ತಕ ಹಿಡಿದು ತೋಟಕ್ಕೇ ಬಂದರು. ಹಿಂದೆ ಕೋಲು ಹಿಡಿದ ನಾಲೋಂಗೋ, ಅವಳ ಹಿಂದೆ ಅರ್ಧ ಊರು.

"ಯಾವ ವರ್ಷವೂ ಹೀಗಾಗಿರಲಿಲ್ಲ ಲುಬೋವ. ಸಂತೆ ದೋಣಿಯಿಂದ ಇಳಿದವರೂ ನುಂಗಿದ್ದಾರೆ. ಒಂದೇ ಒಂದು ಹೆಸರು ಉಳಿದಿದೆ."

"ಯಾರು ಮೇಡಂ? ಈಗ್ಲೇ ನುಂಗಿಸ್ತೀನಿ!"

"ಲುಬೋವ ಅಂತ. ಹೋದ ವರ್ಷದ ಪುಸ್ತಕದಲ್ಲೂ ಅವನ ಹೆಸರಿಲ್ಲ. ಅದರ ಹಿಂದಿನದರಲ್ಲೂ ಇಲ್ಲ."

ಊರು ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಿಜ್ಜಾ. ನಾಲೋಂಗೋ ಬೆನ್ನು ಮಾಡಿಕೊಂಡೇ ಕೋಲನ್ನು ಹಿಂದಕ್ಕೆ ಚಾಚಿದಳು. ನಮುದ್ದು ಗೆರೆ ನೋಡಿ, ಬೇಯಿಸಿದ ಗೆಣಸೊಂದನ್ನು ಅವನ ಬಾಯಿಗೆ ತುರುಕಿ, ಹಿಂದೆಯೇ ಐದು ಮಾತ್ರೆ ಹಾಕಿದಳು. ಗಿಡ ಹಿಡಿದಿದ್ದವನಿಗೆ ಓಡಲೂ ಆಗಲಿಲ್ಲ.

"ಮಾತು ಮಾತೇ," ಎಂದರು ಮೇಡಂ. "ಸೈಕಲ್ ನಾಲೋಂಗೋಗೆ. ಆದ್ರೆ ಅವರಿಗೆ ತುಳಿಯೋಕೆ ಬರಲ್ಲ. ನಾಳೆಯಿಂದ ಪಕ್ಕದ ಮೂರು ಊರಿಗೆ ನೀನು ತುಳಿ, ಅವರು ಹಿಂದೆ ಕೂರ್ತಾರೆ."

"ಮೇಡಂ, ಅವರು ನನಗೆ ಅತ್ತೆ!"

"ಹೇಗೆ ಕೂರ್ತೀರೋ ಅದು ನಿಮ್ಮ ನೆಂಟಸ್ತಿಕೆ."

ನಾಲೋಂಗೋ ಮೇಕೆಯ ಹಗ್ಗ ಬಿಚ್ಚಿದಳು.

"ಮೇಕೆ, ಅವನಿಗೆ ಹೇಳು. ಮಧ್ಯೆ ನೀನು ಕೂತ್ರೆ ಮುಟ್ಟಿದ ಹಾಗಾಗಲ್ಲ."

ಲುಬೋವ ತನ್ನ ಕೈ ನೋಡಿಕೊಂಡ. ಆಗಲೇ ನಡುಗತೊಡಗಿತ್ತು.